ನಾಲ್ಕು ಬದು ಅಳೆದರೆ ಹೊಲ ಅಳೆದಂತಲ್ಲ: ಗದಗ ಸೀಮೆಯ ಒಂದು ಎರಿಹೊಲದ ಲೆಕ್ಕ

ಗದಗ ತಾಲ್ಲೂಕಿನ ಒಂದು ಎರಿಹೊಲ, ಅಂದರೆ ಕಪ್ಪು ಮಣ್ಣಿನ ಹೊಲ. ಒಂದು ಬಾಜು ಬಂಡಿದಾರಿ, ಇನ್ನೊಂದು ಬಾಜು ಹಳ್ಳ, ಉಳಿದೆರಡು ಕಡೆ ಬೇರೆಯವರ ಹೊಲದ ಬದು. ಲಾವಣಿಗೆ (ಗುತ್ತಿಗೆಗೆ) ಕೊಡುವಾಗ ಮೂರು ಎಕರೆ ಹತ್ತು ಗುಂಟೆ ಎಂದು ಮಾತಾಗಿತ್ತು. ಬಾಯಿಮಾತಿನ ಅಂದಾಜೇನಲ್ಲ ಅದು. ಮಾಲೀಕರು ನಾಲ್ಕೂ ಬದುಗಳಿಗೆ ಟೇಪು ಹಿಡಿಸಿ, ಎದುರುಬದುರಿನ ಬದುಗಳ ಸರಾಸರಿ ತೆಗೆದು, ಎರಡು ಸರಾಸರಿಗಳನ್ನು ಗುಣಿಸಿ ಹೇಳಿದ್ದ ಲೆಕ್ಕ.

ಅನುಮಾನ ಹುಟ್ಟಿದ್ದು ಹಿಂಗಾರಿ ಕಡಲೆ ಬಿತ್ತುವಾಗ. ಎಕರೆಗೆ 25 ಕಿಲೊದಂತೆ 81 ಕಿಲೊ ಬೀಜ ತಂದರೆ ಬಿತ್ತಿ ಮುಗಿದ ಮೇಲೂ ಒಂಬತ್ತು ಕಿಲೊ ಚೀಲದಲ್ಲೇ ಉಳಿಯಿತು. ಬೀಜ ಬಿತ್ತುವ ಕೂರಿಗೆ ತೆಳ್ಳಗೆ ಬಿಟ್ಟಿದೆ ಎಂದು ಮಾಲೀಕರ ವಾದ. "ಕೂರಿಗಿ ಸರಿ ಐತ್ರೀ ಕಾಕಾರ, ಹೊಲಾನ ಕಡಿಮಿ ಐತಿ" ಎಂದು ಲಾವಣಿ ಹಿಡಿದವರ ವಾದ. ಉತಾರ (ಪಹಣಿ) ತೆಗೆಸಿ ನೋಡಿದರೆ ಅದರಲ್ಲಿ 2-36-00 ಎಂದಿತ್ತು, ಅಂದರೆ ಎರಡು ಎಕರೆ ಮೂವತ್ತಾರು ಗುಂಟೆ. "ಉತಾರ ಹಳೇದು, ಟೇಪು ಸುಳ್ಳು ಹೇಳತೈತೇನು?" ಎಂದು ಮಾಲೀಕರು ಮತ್ತೆ ಕೇಳಿದರು.

ಟೇಪು ಸುಳ್ಳು ಹೇಳಿರಲಿಲ್ಲ. ನಾಲ್ಕೂ ಅಳತೆಗಳು ಸರಿಯಾಗಿಯೇ ಇದ್ದವು. ತಪ್ಪಿದ್ದು ಆಮೇಲಿನ ಗುಣಾಕಾರದಲ್ಲಿ, ಅದಕ್ಕಿಂತ ಹೆಚ್ಚಾಗಿ ಅಳೆಯದೆ ಬಿಟ್ಟ ಐದನೆಯ ಗೆರೆಯಲ್ಲಿ.

ಹೊಲದ ಮೂಲೆಗಳು

ಬಂಡಿದಾರಿಯ ಒಂದು ತುದಿಗೆ ಬೇವಿನ ಗಿಡವಿದೆ, ಅದನ್ನು 'ಅ' ಎನ್ನೋಣ. ದಾರಿಯ ಇನ್ನೊಂದು ತುದಿಗೆ, ಹಳ್ಳದ ದಂಡೆಯಲ್ಲಿ ಬಾಂದಕಲ್ಲು, ಅದು 'ಬ'. ಹಳ್ಳದ ಕೆಳಗಿನ ಮೂಲೆಯ ಕಲ್ಲು 'ಕ'. ಎರಡು ಬದುಗಳು ಕೂಡುವಲ್ಲಿ ಬನ್ನಿಗಿಡ, ಅದು 'ಡ'. ಅಳತೆಗಳು ಹೀಗೆ:

ಅ-ಬ 420 ಅಡಿ
ಬ-ಕ 354 ಅಡಿ
ಕ-ಡ 463 ಅಡಿ
ಡ-ಅ 291 ಅಡಿ

ಮಾಲೀಕರ ಲೆಕ್ಕದಂತೆ 420 ಮತ್ತು 463ರ ಸರಾಸರಿ 441.5, 354 ಮತ್ತು 291ರ ಸರಾಸರಿ 322.5. ಗುಣಿಸಿದರೆ 1,42,384 ಚದರ ಅಡಿ. ಗುಂಟೆಗೆ 1,089 ಚದರ ಅಡಿ, ಭಾಗಿಸಿದರೆ 130.75 ಗುಂಟೆ. ನಲವತ್ತು ಗುಂಟೆಗೆ ಒಂದು ಎಕರೆ, ಹಾಗಾಗಿ ಮೂರು ಎಕರೆ ಹತ್ತೂ ಮುಕ್ಕಾಲು ಗುಂಟೆ. ಮುಕ್ಕಾಲು ಬಿಟ್ಟು ಮಾತಾಡಿದ್ದರು, ಅಷ್ಟರಮಟ್ಟಿಗೆ ಧಾರಾಳಿ.

1,089 ಎಂಬ ವಿಚಿತ್ರ ಸಂಖ್ಯೆ ಎಲ್ಲಿಂದ ಬಂತೆಂದರೆ, ಈ ಭಾಗ ಮುಂಬಯಿ ಪ್ರಾಂತ್ಯದಲ್ಲಿದ್ದ ಕಾಲದ ಮೋಜಣಿ (ಸರ್ವೆ) ಸರಪಳಿ 33 ಅಡಿ ಉದ್ದದ್ದು. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲ ಇದ್ದರೆ ಒಂದು ಗುಂಟೆ: 33 × 33 = 1,089. ಗುಂಟೆಗೆ ಹದಿನಾರು ಅಣೆ, ಒಂದು ಅಣೆ ಎಂದರೆ 68 ಚದರ ಅಡಿ. ಉತಾರದಲ್ಲಿ ಎಕರೆ-ಗುಂಟೆಯ ನಂತರ ಬರುವ ಮೂರನೆಯ ಅಂಕಿ ಇದೇ ಅಣೆ.

ಹೊರಸು ವಾಲಿದಂತೆ

ಕಟ್ಟು ಸಡಿಲಾದ ಹೊರಸನ್ನು (ಹಗ್ಗದ ಮಂಚವನ್ನು) ನೋಡಿದವರಿಗೆ ಈ ಲೆಕ್ಕದ ದೋಷ ತಾನಾಗಿ ತಿಳಿಯುತ್ತದೆ. ನಾಲ್ಕು ಪಟ್ಟಿಗಳ ಉದ್ದ ಒಂದಿಂಚೂ ಬದಲಾಗಿರುವುದಿಲ್ಲ, ಆದರೆ ಹೊರಸು ಒಂದು ಕಡೆ ವಾಲಿ ಮಲಗುವ ಜಾಗ ಸಣ್ಣದಾಗಿರುತ್ತದೆ. ಇನ್ನಷ್ಟು ವಾಲಿಸಿದರೆ ಮತ್ತಷ್ಟು ಸಣ್ಣದು. ಉದ್ದ ಅವೇ, ಜಾಗ ಬೇರೆ. ನಾಲ್ಕು ಬದಿಯ ಆಕಾರಕ್ಕೆ ಬದಿಗಳ ಉದ್ದ ಮಾತ್ರ ಕೊಟ್ಟರೆ ಕ್ಷೇತ್ರ ಇಂತಿಷ್ಟೇ ಎಂದು ಹೇಳಲು ಬರುವುದಿಲ್ಲ.

ಸರಾಸರಿ ಗುಣಿಸುವ ಲೆಕ್ಕ ಸರಿಬರುವುದು ನಾಲ್ಕೂ ಮೂಲೆ ಕಾಟಕೋನದಲ್ಲಿ (ಲಂಬಕೋನದಲ್ಲಿ) ಇದ್ದಾಗ ಮಾತ್ರ. ಉಳಿದ ಯಾವ ಆಕಾರಕ್ಕೂ ಅದು ಇರುವುದಕ್ಕಿಂತ ಹೆಚ್ಚೇ ತೋರಿಸುತ್ತದೆ. ಕಡಿಮೆ ಎಂದಿಗೂ ತೋರಿಸದು. ಹೀಗಾಗಿ ಈ ಲೆಕ್ಕದಲ್ಲಿ ಕೊಡುವವರಿಗೆ ಯಾವಾಗಲೂ ಲಾಭ, ಹಿಡಿಯುವವರಿಗೆ ಯಾವಾಗಲೂ ನಷ್ಟ. ಮೋಸದ ಉದ್ದೇಶ ಇರಬೇಕೆಂದೇನೂ ಇಲ್ಲ, ಸೂತ್ರವೇ ಒಂದು ಕಡೆ ವಾಲಿದೆ.

ಇದು ಹೊಸದಾಗಿ ಕಂಡುಹಿಡಿದ ಸಂಗತಿಯೂ ಅಲ್ಲ. ಕ್ರಿ.ಶ. 628ರಲ್ಲಿ ಬ್ರಹ್ಮಗುಪ್ತ ಇದೇ ಸರಾಸರಿ ಲೆಕ್ಕವನ್ನು ಹೇಳಿ ಅದನ್ನು 'ಸ್ಥೂಲ' ಎಂದು ಕರೆದ, ಅರ್ಧಸುತ್ತಳತೆಯಿಂದ (ಬದಿಗಳ ಮೊತ್ತದ ಅರ್ಧದಿಂದ) ಒಂದೊಂದು ಬದಿಯನ್ನು ಕಳೆದು, ಉಳಿದವನ್ನು ಗುಣಿಸಿ ವರ್ಗಮೂಲ ತೆಗೆಯುವುದನ್ನು 'ಸೂಕ್ಷ್ಮ' ಎಂದ. ರಾಷ್ಟ್ರಕೂಟ ಅಮೋಘವರ್ಷನ ಕಾಲದ ಮಹಾವೀರಾಚಾರ್ಯನೂ ವ್ಯವಹಾರಕ್ಕೆ ಸಾಕಾಗುವ ಫಲ ಬೇರೆ, ಸೂಕ್ಷ್ಮಫಲ ಬೇರೆ ಎಂದು ಎರಡಾಗಿ ಇಟ್ಟಿದ್ದಾನೆ. ನಾಲ್ಕು ಬದಿಗಳಿಗೆ ಬ್ರಹ್ಮಗುಪ್ತ ಕೊಟ್ಟ ಸೂಕ್ಷ್ಮಸೂತ್ರ ಕೂಡ ಎಲ್ಲ ಹೊಲಕ್ಕೂ ಹೊಂದದು. ನಾಲ್ಕು ಮೂಲೆಗಳೂ ಒಂದೇ ವೃತ್ತದ ಮೇಲೆ ಬಿದ್ದಾಗ ಮಾತ್ರ ಅದು ನಿಜ. 12ನೇ ಶತಮಾನದ ಭಾಸ್ಕರಾಚಾರ್ಯನಿಗೆ ಈ ವಿಷಯದಲ್ಲಿ ಸಿಟ್ಟೇ ಬಂದಿತ್ತು. ಕರ್ಣವನ್ನಾಗಲಿ ಲಂಬವನ್ನಾಗಲಿ ಹೇಳದೆ ಚತುರ್ಭುಜದ ಕ್ಷೇತ್ರ ಕೇಳುವವನು ಪಿಶಾಚಿ, ಅದಕ್ಕೆ ಉತ್ತರ ಕೊಡುವವನೂ ಪಿಶಾಚಿ ಎಂಬರ್ಥದ ಮಾತು ಲೀಲಾವತಿಯಲ್ಲಿದೆ.

ತ್ರಿಕೋನಕ್ಕೆ ಈ ತೊಂದರೆ ಇಲ್ಲ. ಮೂರು ಕಟ್ಟಿಗೆ ಸೇರಿಸಿ ಮೊಳೆ ಹೊಡೆದರೆ ಅದು ಯಾವ ಕಡೆಗೂ ವಾಲುವುದಿಲ್ಲ. ಮೂರು ಉದ್ದ ಗೊತ್ತಾದರೆ ಆಕಾರ ಖಾಯಂ. ಆದ್ದರಿಂದ ಕೆಲಸವಿಷ್ಟೇ: ಹೊಲದ ನಡುವೆ ಒಂದು ಗೆರೆ ಎಳೆದು ಎರಡು ತ್ರಿಕೋನ ಮಾಡುವುದು.

ಐದನೆಯ ಗೆರೆ

ಕರ್ಣಗಳು ಎರಡಿವೆ. ಬ-ಡ 389 ಅಡಿ, ಅ-ಕ 667 ಅಡಿ. ಲೆಕ್ಕಕ್ಕೆ ಗಿಡ್ಡದ್ದನ್ನೇ ಹಿಡಿಯಬೇಕು. ಈ ಹೊಲದಲ್ಲಿ ಬ-ಡ ಅಳತೆ ಒಂದಡಿ ತಪ್ಪಿದರೆ ಒಟ್ಟು ಕ್ಷೇತ್ರದಲ್ಲಿ ಸುಮಾರು 235 ಚದರ ಅಡಿ ಫರಕು ಬರುತ್ತದೆ; ಅ-ಕ ಒಂದಡಿ ತಪ್ಪಿದರೆ ಸುಮಾರು 400. ಮೇಲಾಗಿ ನೂರಡಿ ಟೇಪಿನಿಂದ ಬ-ಡ ನಾಲ್ಕು ಸಲಕ್ಕೆ ಮುಗಿಯುತ್ತದೆ, ಅ-ಕ ಗೆರೆಗೆ ಏಳು ಸಲ ಟೇಪು ಎತ್ತಿಡಬೇಕು, ಅಂದರೆ ತಪ್ಪುವ ಸಂದರ್ಭಗಳೂ ಹೆಚ್ಚು. ಆದರೆ ಅ-ಕ ಅಳೆಯದೆ ಬಿಡಬಾರದು. ಅದು ತಾಳೆ ನೋಡಲು ಬೇಕು.

ಇನ್ನು ಲೆಕ್ಕ. ಮೂರು ಬದಿಗಳನ್ನು ಕೂಡಿಸಿ ಅರ್ಧ ಮಾಡಿದರೆ ಅರ್ಧಸುತ್ತಳತೆ. ಅದರಿಂದ ಒಂದೊಂದು ಬದಿಯನ್ನು ಕಳೆದರೆ ಮೂರು ಶೇಷ. ಅರ್ಧಸುತ್ತಳತೆ ಮತ್ತು ಮೂರು ಶೇಷ, ಈ ನಾಲ್ಕನ್ನೂ ಗುಣಿಸಿ ವರ್ಗಮೂಲ ತೆಗೆದರೆ ಕ್ಷೇತ್ರ. ಕ್ರಿ.ಶ. ಒಂದನೇ ಶತಮಾನದಲ್ಲಿ ಅಲೆಕ್ಸಾಂಡ್ರಿಯದಲ್ಲಿದ್ದ ಹೆರಾನ್‌ನ ಹೆಸರಿನಲ್ಲಿ ಶಾಲೆಯಲ್ಲಿ ಕಲಿಸುವ ಸೂತ್ರ ಇದೇ. ಲಂಬ ಹಾಕುವ ಕೆಲಸವಿಲ್ಲ, ಮೂಲೆ ಅಳೆಯುವ ಕೆಲಸವಿಲ್ಲ; ಕಪ್ಪು ನೆಲದಲ್ಲಿ ಕಡಲೆ ನಿಂತಿರುವಾಗ ಇದು ಸಣ್ಣ ಅನುಕೂಲವಲ್ಲ.

ಮೊದಲ ತ್ರಿಕೋನ ಅ-ಬ-ಡ: ಬದಿಗಳು 420, 291, 389. ಮೊತ್ತ 1,100, ಅರ್ಧ 550. ಶೇಷಗಳು 130, 259, 161.

550 × 130 × 259 × 161 = 2,98,14,78,500
ವರ್ಗಮೂಲ 54,603 ಚದರ ಅಡಿ.

ಎರಡನೆಯ ತ್ರಿಕೋನ ಬ-ಕ-ಡ: ಬದಿಗಳು 354, 463, 389. ಮೊತ್ತ 1,206, ಅರ್ಧ 603. ಶೇಷಗಳು 249, 140, 214.

603 × 249 × 140 × 214 = 4,49,84,04,120
ವರ್ಗಮೂಲ 67,070 ಚದರ ಅಡಿ.

ಎರಡೂ ಕೂಡಿ 1,21,673 ಚದರ ಅಡಿ, ಅಂದರೆ 111.73 ಗುಂಟೆ: ಎರಡು ಎಕರೆ ಮೂವತ್ತೊಂದು ಗುಂಟೆ ಹನ್ನೆರಡು ಅಣೆ. ಸರಾಸರಿ ಲೆಕ್ಕಕ್ಕಿಂತ ಹತ್ತೊಂಬತ್ತು ಗುಂಟೆ ಕಡಿಮೆ.

ಶೇಷಗಳಿಗೆ ಒಂದು ಸಣ್ಣ ಪರೀಕ್ಷೆ ಇದೆ, ಮರೆಯಬಾರದು. ಮೂರು ಶೇಷಗಳನ್ನು ಕೂಡಿದರೆ ಅರ್ಧಸುತ್ತಳತೆಯೇ ಬರಬೇಕು. 130 + 259 + 161 = 550, ಸರಿ. 249 + 140 + 214 = 603, ಸರಿ. ಇಲ್ಲಿ ತಾಳೆಯಾಗದಿದ್ದರೆ ಮುಂದೆ ಗುಣಿಸುವುದು ದಂಡ.

ಗುಣಲಬ್ಧದಲ್ಲಿ ಹತ್ತು ಅಂಕಿಗಳಿವೆ. ಎಂಟಂಕಿಯ ಸಣ್ಣ ಕ್ಯಾಲ್ಕುಲೇಟರ್ ಇದಕ್ಕೆ 'ಇ' ತೋರಿಸಿ ನಿಂತುಬಿಡುತ್ತದೆ. ಆಗ ಎರಡೆರಡನ್ನು ಬೇರೆ ಮಾಡಿ ಮೂಲ ತೆಗೆಯಬಹುದು: 550 × 130 = 71,500ರ ಮೂಲ 267.39; 259 × 161 = 41,699ರ ಮೂಲ 204.20, ಇವೆರಡನ್ನು ಗುಣಿಸಿದರೆ 54,601. ಎರಡು ಚದರ ಅಡಿ ಹೋಯಿತು, ಅಷ್ಟೇ. ಮೊಬೈಲಿನಲ್ಲಿ ಮಾಡುವವರಿಗೆ ಈ ತಾಪತ್ರಯವಿಲ್ಲ, ಆದರೆ ಅಲ್ಲಿ ಇನ್ನೊಂದು ಎಡವಟ್ಟು ಆಗುತ್ತದೆ. ವರ್ಗಮೂಲದ ಗುರುತು ಒತ್ತಿ ಆವರಣ ಹಾಕದೆ ನಾಲ್ಕು ಸಂಖ್ಯೆ ಹೊಡೆದರೆ ಅದು ಮೊದಲನೆಯದರ ಮೂಲವನ್ನಷ್ಟೇ ತೆಗೆದು ಉಳಿದವನ್ನು ಹಾಗೇ ಗುಣಿಸುತ್ತದೆ. ಉತ್ತರ ಕೋಟಿಯಲ್ಲಿ ಬಂದರೆ ಕಾರಣ ಇದೇ.

ತಾಳೆ ನೋಡಿದ್ದು

ಅ-ಕ ಗೆರೆಯಿಂದ ಹೊಲವನ್ನು ಬೇರೆ ರೀತಿ ಸೀಳಿ ಮತ್ತೆ ಲೆಕ್ಕ ಮಾಡಬೇಕು. ಅ-ಬ-ಕ ತ್ರಿಕೋನ (420, 354, 667) 65,156 ಚದರ ಅಡಿ. ಅ-ಕ-ಡ (667, 463, 291) 56,647. ಮೊತ್ತ 1,21,803. ಮೊದಲಿನದಕ್ಕಿಂತ 130 ಚದರ ಅಡಿ ಹೆಚ್ಚು, ಅಂದರೆ ಎರಡು ಅಣೆ. ಅ-ಕ ಅಳತೆ ಒಂದು ಮೊಳಕ್ಕಿಂತಲೂ ಕಡಿಮೆ, ನಾಲ್ಕೇ ಇಂಚು ಆಚೀಚೆಯಾದರೂ ಇಷ್ಟು ಫರಕು ಬರುವುದರಿಂದ ಇದನ್ನು ತಾಳೆಯಾಯಿತು ಎಂದೇ ಹಿಡಿಯಬೇಕು.

ಈ ಎರಡನೆಯ ಲೆಕ್ಕವನ್ನು ಹೆಚ್ಚಿನವರು ಬೇಸರಕ್ಕೆ ಬಿಡುತ್ತಾರೆ. ಬಿಟ್ಟರೆ ಏನಾಗುತ್ತದೆ ನೋಡಿ. ಟೇಪು ಎತ್ತಿಡುವಾಗ ಒಂದು ನೂರು ಎಣಿಕೆಯಲ್ಲಿ ತಪ್ಪಿ ಬ-ಡ 389ರ ಬದಲು 289 ಎಂದು ಬರೆದುಕೊಂಡಿದ್ದರೆ, ಮೊದಲ ತ್ರಿಕೋನ 42,000, ಎರಡನೆಯದು 51,134, ಒಟ್ಟು 93,134 ಚದರ ಅಡಿ ಆಗುತ್ತಿತ್ತು. ಎರಡು ಎಕರೆ ಐದೂವರೆ ಗುಂಟೆ. ಇಪ್ಪತ್ತಾರು ಗುಂಟೆ ಹೊಲ ಮಾಯ! ಸೂತ್ರ ಚಕಾರ ಎತ್ತುವುದಿಲ್ಲ, ಯಾಕೆಂದರೆ 420, 291, 289 ಕೂಡ ಒಂದು ಒಳ್ಳೆಯ ತ್ರಿಕೋನವೇ. ಯಾವುದೇ ಎರಡು ಬದಿಗಳ ಮೊತ್ತ ಮೂರನೆಯದಕ್ಕಿಂತ ಕಡಿಮೆಯಾದಾಗ ಮಾತ್ರ ಶೇಷ ಋಣವಾಗಿ ಕ್ಯಾಲ್ಕುಲೇಟರ್ ದೋಷ ತೋರಿಸುತ್ತದೆ. ಅಂಥ ದೊಡ್ಡ ತಪ್ಪು ಹೇಗಿದ್ದರೂ ಕಣ್ಣಿಗೆ ಬೀಳುತ್ತದೆ. ಕಣ್ಣಿಗೆ ಬೀಳದ್ದನ್ನು ಹಿಡಿಯುವುದು ಎರಡನೆಯ ಕರ್ಣ.

ಲಂಬದಿಂದಲೂ ತಾಳೆ ನೋಡಬಹುದು. ಬ-ಡ ಗೆರೆಯ ಮೇಲೆ 'ಬ' ಕಲ್ಲಿನಿಂದ 80 ಅಡಿಗೆ ಒಂದು ಗೂಟ ಹೊಡೆದು, ಅಲ್ಲಿಂದ ಬದಿಗಳು ಮೂರು-ನಾಲ್ಕು-ಐದರ ಪ್ರಮಾಣದಲ್ಲಿರುವ ಹಗ್ಗದ ತ್ರಿಕೋನದಿಂದ ಕಾಟಕೋನ ತೆಗೆದು 'ಕ' ಕಡೆಗೆ ನೋಡಿದರೆ ದೃಷ್ಟಿ ನೇರ ಮೂಲೆಕಲ್ಲಿಗೆ ಹೋಗಬೇಕು, ದೂರ ಸುಮಾರು 345 ಅಡಿ ಬರಬೇಕು. 389 × 345 ÷ 2 = 67,102. ಸೂತ್ರದ 67,070ಕ್ಕೆ ಸಮೀಪ. ಮೋಜಣಿಯ ಟಿಪ್ಪಣಿಗಳಲ್ಲಿ ಹೊಲದ ನಡುವೆ ಒಂದು ಉದ್ದಗೆರೆ, ಅದರಿಂದ ಎಡಬಲಕ್ಕೆ ಲಂಬಗಳು ಕಾಣುವುದು ಇದೇ ಕಾರಣಕ್ಕೆ. ಅವರು ಲಂಬ ಅಳೆದರು, ಇಲ್ಲಿ ಬದಿ ಅಳೆದರು. ಪೈಥಾಗೊರಸ್ ಎರಡಕ್ಕೂ ಒಬ್ಬನೇ.

ಹಳ್ಳದ ದಂಡೆ

ಇಷ್ಟಾದರೂ ಉತಾರದ 2-36ಕ್ಕೆ ನಾಲ್ಕು ಗುಂಟೆಗಿಂತ ಹೆಚ್ಚು ಕಡಿಮೆಯೇ ಇತ್ತು. ಬ-ಕ ನೇರಗೆರೆ, ಹಳ್ಳ ನೇರವಾಗಿಲ್ಲ. ದಂಡೆ ಹೊರಕ್ಕೆ ಉಬ್ಬಿದ್ದು ಆ ಉಬ್ಬಿನಲ್ಲೂ ಕಡಲೆ ಬಿತ್ತಿತ್ತು. ಬ-ಕ ಗೆರೆಗೆ ಹಗ್ಗ ಎಳೆದು 354 ಅಡಿಯನ್ನು ಆರು ಭಾಗ ಮಾಡಿ, ಪ್ರತಿ 59 ಅಡಿಗೆ ಒಂದು ಗೂಟ ಹೊಡೆದು, ಒಂದೊಂದರಿಂದಲೂ ದಂಡೆಯ ತನಕ ಅಡ್ಡ ಅಳೆದರು: 0, 9, 17, 21, 15, 6, 0 ಅಡಿ. ಎರಡು ತುದಿ ಸೊನ್ನೆಯಾದ್ದರಿಂದ ನಡುವಿನವನ್ನು ಕೂಡಿ 59ರಿಂದ ಗುಣಿಸಿದರೆ ಸಾಕು: 68 × 59 = 4,012 ಚದರ ಅಡಿ. ಮೂರು ಗುಂಟೆ ಹನ್ನೊಂದು ಅಣೆ. ಹಳ್ಳ ಒಳಕ್ಕೆ ಕೊರೆದ ಕಡೆ ಆ ಅಳತೆಯನ್ನು ಕಳೆಯಬೇಕು, ಇಲ್ಲಿ ಅಂಥದ್ದಿರಲಿಲ್ಲ.

ಒಟ್ಟು 1,25,685 ಚದರ ಅಡಿ. 115.41 ಗುಂಟೆ. ಎರಡು ಎಕರೆ ಮೂವತ್ತೈದು ಗುಂಟೆ ಆರೂವರೆ ಅಣೆ.

ಉತಾರಕ್ಕಿಂತ ಒಂಬತ್ತೂವರೆ ಅಣೆ ಕಡಿಮೆ, ಅದೂ ಒಗಟೇನಲ್ಲ. ಹದ್ದು (ಗಡಿ) ಇರುವುದು ಬದುವಿನ ನಡುಮಧ್ಯದಲ್ಲಿ, ಟೇಪು ಓಡಿದ್ದು ಬದುವಿನ ಬುಡದಲ್ಲಿ. ಈ ಹೊಲದ ಸುತ್ತಳತೆ 1,528 ಅಡಿ. ಸುತ್ತಲೂ ಅರ್ಧ ಅಡಿ ಒಳಗೆ ಸರಿದು ಅಳೆದರೆ 764 ಚದರ ಅಡಿ, ಅಂದರೆ ಹನ್ನೊಂದು ಅಣೆಯಷ್ಟು ಹೋಗುತ್ತದೆ. ಬಿತ್ತನೆಯ ಲೆಕ್ಕಕ್ಕೆ ಬುಡವೇ ಸರಿ, ಒಡೆತನದ ಲೆಕ್ಕಕ್ಕೆ ನಡು ಸರಿ. ಯಾವುದನ್ನು ಅಳೆಯುತ್ತಿದ್ದೇವೆ ಎಂಬುದನ್ನು ಟೇಪು ಬಿಚ್ಚುವ ಮುಂಚೆಯೇ ಇಬ್ಬರೂ ಒಪ್ಪಿಕೊಳ್ಳಬೇಕು.

ಬೀಜದ ಲೆಕ್ಕವೂ ಇಲ್ಲಿಗೆ ಹೊಂದಿತು. 2.885 ಎಕರೆಗೆ 25 ಕಿಲೊದಂತೆ 72 ಕಿಲೊ. ತಂದದ್ದು 81, ಉಳಿದದ್ದು 9. ಕೂರಿಗೆಯ ಮೇಲೆ ಹೊರಿಸಿದ ಅಪವಾದ ಸುಳ್ಳಾಯಿತು. ಲಾವಣಿ ಎಕರೆಗೆ ವರ್ಷಕ್ಕೆ 15,000 ರೂಪಾಯಿ ಎಂದು ಹಿಡಿದರೆ ಗುಂಟೆಗೆ 375. ಮೂರು ಎಕರೆ ಹತ್ತು ಗುಂಟೆಗೆ 48,750. ನಿಜವಾದ ಕ್ಷೇತ್ರಕ್ಕೆ 43,279. ವರ್ಷಕ್ಕೆ ಐದೂವರೆ ಸಾವಿರಕ್ಕೆ ಸ್ವಲ್ಪ ಕಡಿಮೆ ಫರಕು.

ಟೇಪಿನ ಕೈಚಳಕ

ಸೂತ್ರಕ್ಕಿಂತ ಟೇಪು ಹಿಡಿಯುವಲ್ಲೇ ಹೆಚ್ಚು ತಪ್ಪುಗಳಾಗುತ್ತವೆ. ಎಲ್ಲಕ್ಕಿಂತ ದೊಡ್ಡದು 30 ಮೀಟರಿನ ಟೇಪನ್ನು ನೂರಡಿ ಎಂದು ಎಣಿಸುವುದು. 30 ಮೀಟರ್ ಎಂದರೆ 98 ಅಡಿ 5 ಇಂಚು. ಪೂರ್ತಿ ಟೇಪು ಬಿಚ್ಚಿದಾಗಲೆಲ್ಲ "ಒಂದ್ನೂರು, ಎರಡ್ನೂರು" ಎಂದು ಕೂಗುತ್ತ ಹೋದರೆ ಒಂದೊಂದಕ್ಕೂ ಒಂದೂವರೆ ಅಡಿ ಸುಳ್ಳು ಸೇರುತ್ತದೆ. ಉದ್ದದಲ್ಲಿ ನೂರಕ್ಕೆ ಒಂದೂವರೆ ಹೆಚ್ಚಾದರೆ ಕ್ಷೇತ್ರದಲ್ಲಿ ನೂರಕ್ಕೆ ಮೂರು ಹೆಚ್ಚುತ್ತದೆ, ಈ ಹೊಲಕ್ಕೆ ಮೂರು ಗುಂಟೆಯ ಮೇಲೆ.

ಇಂಚುಗಳದ್ದು ಎರಡನೆಯ ಕಾಟ. 353 ಅಡಿ 9 ಇಂಚನ್ನು 353.9 ಎಂದು ಹೊಡೆಯುತ್ತಾರೆ, ಅದು 353.75. ಇಂಚನ್ನು ಹನ್ನೆರಡರಿಂದ ಭಾಗಿಸಿಯೇ ದಶಮಾಂಶ ಬರೆಯಬೇಕು. ಹಾಗೆಯೇ ಟೇಪಿನ ಸೊನ್ನೆ ಎಲ್ಲಿದೆ ಎಂದು ನೋಡಿಕೊಳ್ಳಬೇಕು: ಕೆಲವಕ್ಕೆ ಕೊಂಡಿಯ ತುದಿಯೇ ಸೊನ್ನೆ, ಕೆಲವಕ್ಕೆ ಪಟ್ಟಿಯ ಮೇಲೆ ಒಂದು ಗೇಣು ಈಚೆ. ಫೈಬರ್ ಟೇಪು ಎಳೆದಷ್ಟೂ ಹಿಗ್ಗುತ್ತದೆ, ಸಡಿಲ ಬಿಟ್ಟರೆ ಜೋತುಬೀಳುತ್ತದೆ. ನಾಲ್ಕು ಬದು ಅಳೆದ ಕೈಗಳೇ ಕರ್ಣವನ್ನೂ ಅಳೆದರೆ ಎಳೆತ ಒಂದೇ ತೆರನಾಗಿರುತ್ತದೆ.

ಕರ್ಣ ಅಳೆಯುವಾಗ ಗೆರೆ ಡೊಂಕಾಗುವುದು ಖಾತ್ರಿ, ಯಾಕೆಂದರೆ ಹಿಡಿದುಕೊಂಡು ಹೋಗಲು ಬದು ಇರುವುದಿಲ್ಲ. ಎರಡು ಮೂಲೆಗಳಲ್ಲಿ ಎತ್ತರದ ಕೋಲು ನೆಟ್ಟು, ತುದಿಗೆ ಬಟ್ಟೆ ಕಟ್ಟಿ, ನಡುವಿನ ಗೂಟಗಳನ್ನು ಒಬ್ಬರು ಹಿಂದೆ ನಿಂತು ನೋಡಿ ನೇರ ಮಾಡಿಸಬೇಕು. ಬೇಸಿಗೆಯಲ್ಲಿ ಎರಿನೆಲ ಬಿರಿದಾಗ ಗೂಟ ಬಿರುಕಿನಲ್ಲಿ ಹೊಡೆದರೆ ಅದು ವಾಲುತ್ತದೆ; ಅಂಗೈಯಗಲ ಪಕ್ಕಕ್ಕೆ ಗಟ್ಟಿ ನೆಲ ನೋಡಿಕೊಳ್ಳುವುದು ವಾಸಿ. ಇಳಿಜಾರಿನ ಬಗ್ಗೆ ಎರಿಸೀಮೆಯಲ್ಲಿ ಅಷ್ಟು ಚಿಂತೆ ಬೇಡ. ನೂರಡಿಗೆ ಎರಡಡಿ ಇಳುಕಲಿದ್ದರೆ ಕಾಲು ಇಂಚಿನಷ್ಟೇ ಫರಕು. ಹತ್ತಡಿ ಇಳುಕಲಿದ್ದರೆ ಮಾತ್ರ ಅರ್ಧ ಅಡಿ, ಅಲ್ಲಿ ಟೇಪನ್ನು ಮಟ್ಟಸವಾಗಿ ಎತ್ತಿ ಹಿಡಿಯಬೇಕು.

ಮೊಬೈಲಿನಲ್ಲಿ ಹೊಲದ ಸುತ್ತ ನಡೆದು ಕ್ಷೇತ್ರ ತೋರಿಸುವ ಆ್ಯಪುಗಳು ಅಂದಾಜಿಗೆ ಒಳ್ಳೆಯವು. ಒಂದೊಂದು ಮೂಲೆಯೂ ಹತ್ತು-ಹದಿನೈದು ಅಡಿ ಆಚೀಚೆ ಬೀಳುವುದು ಸಾಮಾನ್ಯವಾದ್ದರಿಂದ ಇಷ್ಟು ಸಣ್ಣ ಹೊಲದಲ್ಲಿ ಅವು ಕೆಲವು ಗುಂಟೆಗಳನ್ನೇ ತಪ್ಪಬಹುದು. ಜಗಳ ಗುಂಟೆಯಲ್ಲಿದ್ದಾಗ ಟೇಪೇ ಬೇಕು.

ಹೊಲಕ್ಕೆ ಐದು ಮೂಲೆ ಇದ್ದರೆ ಮೂರು ತ್ರಿಕೋನ, ಎರಡು ಅಡ್ಡಗೆರೆ. ಆರಿದ್ದರೆ ನಾಲ್ಕು ತ್ರಿಕೋನ, ಮೂರು ಅಡ್ಡಗೆರೆ. ಒಂದು ಮೂಲೆ ಒಳಕ್ಕೆ ಬಾಗಿದ್ದರೆ ಅಡ್ಡಗೆರೆಯನ್ನು ಆ ಮೂಲೆಯಿಂದಲೇ ಎಳೆಯಬೇಕು, ಇಲ್ಲದಿದ್ದರೆ ಗೆರೆ ಬಾಜು ಹೊಲದೊಳಗೆ ಹಾದುಹೋಗಿ ಅವರ ಜಾಗವೂ ಲೆಕ್ಕಕ್ಕೆ ಸೇರುತ್ತದೆ. ಸೀಳಿದ ತ್ರಿಕೋನ ಸೂಜಿಯಂತೆ ತೆಳ್ಳಗಾಗದಿರಲಿ. ಎರಡು ಬದಿಗಳ ಮೊತ್ತ ಮೂರನೆಯದಕ್ಕಿಂತ ಹತ್ತು-ಹನ್ನೆರಡು ಅಡಿಯಷ್ಟೇ ಹೆಚ್ಚಿರುವ ಕಡೆ ಒಂದು ಶೇಷ ಐದಾರಕ್ಕೆ ಇಳಿದಿರುತ್ತದೆ. ಅಲ್ಲಿ ಒಂದಡಿ ತಪ್ಪಿದರೂ ಕ್ಷೇತ್ರ ನೂರಕ್ಕೆ ನಾಲ್ಕೈದು ಜಿಗಿಯುತ್ತದೆ.

ಕಾಗದದಲ್ಲಿ ಉಳಿದದ್ದು

ಈ ಅಳತೆ ಲಾವಣಿ, ಬೀಜ, ಗೊಬ್ಬರ, ಟ್ರ್ಯಾಕ್ಟರ್ ಬಾಡಿಗೆಗೆ ಸಾಕು. ಹದ್ದಿನ ತಕರಾರಿಗೆ ಇದು ನಡೆಯದು. ಅದಕ್ಕೆ ಹದ್ದುಬಸ್ತಿಗೆ (ಗಡಿ ಗುರುತಿಸುವುದಕ್ಕೆ) ಅರ್ಜಿ ಹಾಕಿ ಸರ್ಕಾರಿ ಸರ್ವೇಯರ್ ಬಂದು ಅಳೆಯಬೇಕು. ಇಬ್ಬರೂ ಸಹಿ ಮಾಡಿದ ಹಾಳೆಯಲ್ಲಿ 'ಎರಡು ಎಕರೆ 35 ಗುಂಟೆ' ಎಂಬ ಉತ್ತರವನ್ನಷ್ಟೇ ಬರೆಯದೆ, ಕೈನಕ್ಷೆ ಹಾಕಿ, ನಾಲ್ಕು ಬದಿ, ಎರಡು ಕರ್ಣ, ಹಳ್ಳದ ಕಡೆಯ ಐದು ಅಡ್ಡಳತೆಗಳನ್ನೂ, ಅಳೆದದ್ದು ಬದುವಿನ ಬುಡಕ್ಕೆ ಎಂಬುದನ್ನೂ ಬರೆದಿಟ್ಟರು. ಬೇವು, ಬನ್ನಿ, ಎರಡು ಕಲ್ಲು ಇದ್ದಲ್ಲೇ ಇರುವ ತನಕ ಆರು ಉದ್ದಗಳನ್ನು ಮತ್ತೆ ಅಳೆಯಬೇಕಿಲ್ಲ. ಮಳೆಗಾಲ ಮುಗಿದು ಹಳ್ಳದ ದಂಡೆ ಕುಸಿದಿದ್ದರೆ ಬ-ಕ ಗೆರೆಗೆ ಹಗ್ಗ ಎಳೆದು ಆ ಐದು ಅಡ್ಡಳತೆಗಳನ್ನು ಮಾತ್ರ ಹೊಸದಾಗಿ ತೆಗೆದುಕೊಂಡು 59ರಿಂದ ಗುಣಿಸಿ, 1,21,673ಕ್ಕೆ ಸೇರಿಸಿಕೊಳ್ಳುವುದು.